ಯಾರೂ ಮುಟ್ಟದೆ ಬಿಟ್ಟವನು

2024ರ ಅಕ್ಟೋಬರ್ 5, ಶನಿವಾರ. ಇಲ್ಲಿ ನವರಾತ್ರಿಯ ಮೂರನೆಯ ದಿನ ಮುಗಿದು, ಗೊಂಬೆಗಳ ಮುಂದಿನ ದೀಪ ಆರಿ, ಮನೆಯವರೆಲ್ಲ ಮಲಗಿದ ಮೇಲೆ ನಾನು ಮೊಬೈಲು ಹಿಡಿದು ಕೂತಿದ್ದೆ. ಅಲ್ಲಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಇನ್ನೂ ಅದೇ ಶನಿವಾರದ ಮಧ್ಯಾಹ್ನ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡಕ್ಕೂ ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಅಲಬಾಮಾಕ್ಕೂ ಫುಟ್‌ಬಾಲ್ ಪಂದ್ಯ. ಅಮೆರಿಕದ ಫುಟ್‌ಬಾಲ್, ಅಂದರೆ ಹೆಸರಿನಲ್ಲಿ ಕಾಲು, ಆಡುವುದೆಲ್ಲ ಕೈಯಲ್ಲಿ. ನನಗೆ ಬರುತ್ತಿದ್ದದ್ದು ಬರೀ ಸ್ಕೋರು. ಆಟವನ್ನು ಕಣ್ಣಾರೆ ಕಂಡದ್ದು ಮರುದಿನ. ಆದರೂ ಕೊನೆಯ ಎರಡು ಮುಕ್ಕಾಲು ನಿಮಿಷ 40–35 ಅನ್ನುವ ಅಂಕಿ ಅಲ್ಲಾಡದೆ ನಿಂತಿದ್ದಾಗ ನಿದ್ದೆ ಹತ್ತಿರ ಸುಳಿಯಲಿಲ್ಲ. ಐದು ಅಂಕ ಮುಂದಿದ್ದ ವ್ಯಾಂಡರ್‌ಬಿಲ್ಟ್ ಚೆಂಡನ್ನು ಅಲಬಾಮಾದ ಕೈಗೆ ಮತ್ತೆ ಕೊಡಲೇ ಇಲ್ಲ. ಗಡಿಯಾರ ಸೊನ್ನೆಗೆ ಬಂತು.

ಗೆದ್ದ ಖುಷಿಯಲ್ಲಿ ವಿದ್ಯಾರ್ಥಿಗಳು ಗೋಲ್‌ಪೋಸ್ಟ್ ಕಿತ್ತರು. ಆ ಹಳದಿ ಕಂಬಗಳನ್ನು ಹೆಗಲ ಮೇಲೆ ಹೊತ್ತು, ಊರಿನ ಬ್ರಾಡ್‌ವೇ ಬೀದಿಯಲ್ಲಿ ಮೆರವಣಿಗೆ ಹೊರಟು, ಕಂಬರ್‌ಲ್ಯಾಂಡ್ ನದಿಗೆ ಎಸೆದರು. ಗಣಪತಿ ಬಿಡುವುದನ್ನು ನೋಡಿ ಬೆಳೆದವರಿಗೆ ಈ ದೃಶ್ಯ ಅಷ್ಟೇನೂ ಅಪರಿಚಿತವಲ್ಲ. ಅಂಗಳಕ್ಕೆ ಜನ ನುಗ್ಗಿದ್ದಕ್ಕೆ ಲೀಗು ಒಂದು ಲಕ್ಷ ಡಾಲರ್ ದಂಡ ಹಾಕಿತು. ಯಾರೂ ಬೇಸರಪಟ್ಟಂತೆ ಕಾಣಲಿಲ್ಲ. 1984ರಿಂದ ವ್ಯಾಂಡರ್‌ಬಿಲ್ಟ್ ಅಲಬಾಮಾವನ್ನು ಸೋಲಿಸಿರಲಿಲ್ಲ. ನಡುವೆ ಸತತ 23 ಸೋಲು. ದೇಶದ ಮೊದಲ ಐದರಲ್ಲಿದ್ದ ತಂಡಗಳ ವಿರುದ್ಧ ಅದುವರೆಗೆ 60 ಸಲ ಆಡಿ 60 ಸಲವೂ ಸೋತಿತ್ತು.

ಎಲ್ಲರ ಬಾಯಲ್ಲೂ ಒಂದೇ ಮಾತು: ಪವಾಡ. ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆಯೇ. ಪವಾಡ ಅಂದುಬಿಟ್ಟರೆ ಮುಂದೆ ಯೋಚಿಸುವ ಶ್ರಮ ತಪ್ಪುತ್ತದೆ. ಆ ದಿನ ನಡೆದದ್ದಕ್ಕೆ ಕಾರಣವಿತ್ತು, ಆ ಕಾರಣವನ್ನು ಲೆಕ್ಕ ಹಾಕಿ ತೋರಿಸಬಹುದು, ಹಿಂದೆ ಅದು ಎಷ್ಟು ಸಲ ಕೆಲಸ ಮಾಡಿದೆ, ಎಲ್ಲಿ ಕೈಕೊಟ್ಟಿದೆ ಅನ್ನುವುದನ್ನೂ ಹೇಳಬಹುದು.

ಅಕ್ಟೋಬರ್ ಮೊದಲ ವಾರ ಈ ಆಟದ ನಡುಹಾದಿ. ಆಗಸ್ಟ್ ಕೊನೆಯಲ್ಲಿ ಶುರುವಾಗಿ ನವೆಂಬರ್ ಕೊನೆಗೆ ಮುಗಿಯುವ ಋತುವಿನಲ್ಲಿ ತಂಡಕ್ಕೆ 12 ಪಂದ್ಯ. ಆಗಸ್ಟಿನಲ್ಲಿ ಎಲ್ಲರೂ ಕಾಗದದ ಮೇಲೆ ಗೆದ್ದಿರುತ್ತಾರೆ. ಐದಾರು ಪಂದ್ಯ ಮುಗಿದಾಗ ಪ್ರತಿ ತಂಡದ ವಿಡಿಯೊ ಎದುರಾಳಿಯ ಕೈಯಲ್ಲಿರುತ್ತದೆ, ಗುಟ್ಟು ರಟ್ಟಾಗಿರುತ್ತದೆ, ಆದರೂ ಕೆಲವರು ಗೆಲ್ಲುತ್ತಲೇ ಇರುತ್ತಾರೆ. ಗಮನಿಸಬೇಕಾದದ್ದು ಇವರನ್ನು. 2024ರಲ್ಲಿ ಉನ್ನತ ದರ್ಜೆಯಲ್ಲಿ ಆಡಿದ 134 ಕಾಲೇಜು ತಂಡಗಳ ಪೈಕಿ ಆ ಹೊತ್ತಿಗೆ ಕಣ್ಣಿಗೆ ಬಿದ್ದವು ಮೂರು: ವ್ಯಾಂಡರ್‌ಬಿಲ್ಟ್, ಭೂಸೇನೆಯ ಅಕಾಡೆಮಿಯ ಆರ್ಮಿ, ನೌಕಾಸೇನೆಯ ನೇವಿ. ಅಕ್ಟೋಬರ್ ಮೂರನೆಯ ವಾರದ ಕೊನೆಗೆ ಆರ್ಮಿ ಏಳಕ್ಕೆ ಏಳು, ನೇವಿ ಆರಕ್ಕೆ ಆರು. ಇವೆರಡೂ ಜೊತೆಜೊತೆಯಾಗಿ ಸೋಲದೆ ಇಷ್ಟು ದೂರ ಬಂದದ್ದು 1945ರ ನಂತರ ಅದೇ ಮೊದಲು.

ಈ ಮೂರೂ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ ಪೈಪೋಟಿಯಲ್ಲಿ ಹಿಂದೆ ಬಿದ್ದವು. ವ್ಯಾಂಡರ್‌ಬಿಲ್ಟ್ ಬಡ ಸಂಸ್ಥೆಯೇನಲ್ಲ. ಹಡಗು ಮತ್ತು ರೈಲಿನಲ್ಲಿ ಹಣದ ಗುಡ್ಡೆ ಹಾಕಿದ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟನ ಹೆಸರು ಹೊತ್ತದ್ದು. ಅದರ ಬಡತನ ಫುಟ್‌ಬಾಲಿಗೆ ಮಾತ್ರ ಸೀಮಿತ: ಪ್ರವೇಶಕ್ಕೆ ಅಂಕ ಬೇಕು, ಆಟದ ಪರಂಪರೆ ಇಲ್ಲ. ಸೇನಾ ಅಕಾಡೆಮಿಗಳ ಕಷ್ಟ ಬೇರೆ. ಅಲ್ಲಿ ಓದಿದವನು ಮುಂದೆ ಅಧಿಕಾರಿಯಾಗಿ ಸೇವೆ ಸಲ್ಲಿಸಬೇಕು, ಅದಕ್ಕೆ ದೇಹತೂಕದ ಮಿತಿ ಉಂಟು, ಜಾಹೀರಾತಿನ ದುಡ್ಡು ಮುಟ್ಟುವಂತಿಲ್ಲ. ನೂರಾನಲವತ್ತು ಕಿಲೊ ತೂಗುವ, ಬಾಗಿಲಿನಷ್ಟು ಅಗಲದ ಹುಡುಗರು ಅಲ್ಲಿಗೆ ಬರುವುದಿಲ್ಲ. ಎದುರಾಳಿ ತಂಡದಲ್ಲಿ ಅಂಥವರೇ ಐವರು ಸಾಲಾಗಿ ನಿಂತಿರುತ್ತಾರೆ. ಹಾಗಿದ್ದೂ ಗೆಲ್ಲುವುದು ಹೇಗೆ?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ವರ್ಷಗಳ ಹಿಂದೆ, ಅಮೆರಿಕಕ್ಕೆ ಓದಲು ಹೋಗಿದ್ದಾಗ, ಪ್ರಯೋಗಾಲಯದ ಗೆಳೆಯನೊಬ್ಬನ ಜೊತೆ ಸ್ಟೇಡಿಯಮ್ಮಿನ ಮೇಲಿನ ಸಾಲಿನಲ್ಲಿ ಚಳಿಗೆ ಮುದುಡಿ ಕೂತಿದ್ದಾಗ. ಮೊದಲ ಅರ್ಧ ಗಂಟೆ ನನಗೆ ಏನೂ ತಿಳಿಯಲಿಲ್ಲ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಹೋದರೆ ಮತ್ತೆ ನಾಲ್ಕು, ಅನ್ನುವಷ್ಟು ಗೊತ್ತಿತ್ತು. ಆದರೆ ಪ್ರತಿ ಸಲ ಚೆಂಡು ಎಲ್ಲೋ ಮಾಯವಾಗಿ ಇನ್ನೆಲ್ಲೋ ಕಾಣಿಸುತ್ತಿತ್ತು. ಗೆಳೆಯ ನಕ್ಕು ಹೇಳಿದ: ‘ಚೆಂಡು ನೋಡಬೇಡ. ಅಲ್ಲಿ ಒಬ್ಬನನ್ನು ಯಾರೂ ಮುಟ್ಟದೆ ಬಿಟ್ಟಿದ್ದಾರೆ. ಅವನನ್ನು ನೋಡು.’

ನೋಡಿದೆ. ಎದುರು ತಂಡದ ಅಂಚಿನಲ್ಲಿ ನಿಂತ ಡಿಫೆಂಡರ್ ಅವನು, ಬಹುಶಃ ಆ ಅಂಗಳದಲ್ಲೇ ಬಲಿಷ್ಠ. ಆಟ ಶುರುವಾದ ಕೂಡಲೇ ಎಲ್ಲರಿಗೂ ಒಬ್ಬೊಬ್ಬ ಬಂದು ಡಿಕ್ಕಿ ಹೊಡೆದ. ಇವನ ಕಡೆಗೆ ಮಾತ್ರ ಯಾರೂ ಬರಲಿಲ್ಲ. ಮದುವೆ ಮನೆಯಲ್ಲಿ ಮಾತಾಡಿಸುವವರಿಲ್ಲದೆ ನಿಂತ ನೆಂಟನ ಹಾಗೆ ಅರೆಕ್ಷಣ ಗಲಿಬಿಲಿಗೊಂಡ. ಅವನೆದುರು ದಾಳಿಯ ಸೂತ್ರಧಾರ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ಪಕ್ಕದಲ್ಲಿ ಓಡುವವನ ಹೊಟ್ಟೆಗೆ ಒತ್ತಿ ಹಿಡಿದಿದ್ದ; ಕೊಟ್ಟೂ ಇಲ್ಲ, ಬಿಟ್ಟೂ ಇಲ್ಲ. ಕಣ್ಣು ಮಾತ್ರ ಇವನ ಮೇಲೆ. ಇವನು ಓಡುವವನ ಕಡೆ ತಿರುಗಿದ; ಕ್ವಾರ್ಟರ್‌ಬ್ಯಾಕ್ ಚೆಂಡು ಹಿಂದಕ್ಕೆಳೆದುಕೊಂಡು ಇವನು ಬಿಟ್ಟುಬಂದ ಜಾಗದಲ್ಲೇ ಓಡಿದ. ಮುಂದಿನ ಸಲ ಇವನು ಕ್ವಾರ್ಟರ್‌ಬ್ಯಾಕಿಗೇ ಅಂಟಿಕೊಂಡ. ಚೆಂಡು ಓಡುವವನಿಗೆ ಹೋಯಿತು. ಎರಡು ಸಲವೂ ಅವನ ಮೈಗೆ ಯಾರ ಬೆರಳೂ ತಾಗಲಿಲ್ಲ. ಏನು ಮಾಡಿದರೂ ತಪ್ಪೇ.

ಆಪ್ಷನ್ ಅನ್ನುವುದು ಇದು. ಇದರ ಹಿಂದಿನ ಗಣಿತ ಸರಳ. ಎರಡೂ ಕಡೆ ಹನ್ನೊಂದು ಜನ. ದಾಳಿಯ ಕಡೆ ಓಡುವವನು ಯಾರನ್ನೂ ತಳ್ಳಲಾರ; ಚೆಂಡು ಕೊಟ್ಟು ಸುಮ್ಮನೆ ನಿಂತ ಕ್ವಾರ್ಟರ್‌ಬ್ಯಾಕೂ ತಳ್ಳುವುದಿಲ್ಲ. ಉಳಿದವರು ಒಂಬತ್ತು. ಎದುರಿಗೆ ಹನ್ನೊಂದು. ಶುರುವಿನಲ್ಲೇ ಎರಡರ ಕೊರತೆ. ನಿಮ್ಮ ಹುಡುಗರು ದೈತ್ಯರಾದರೆ ಈ ಕೊರತೆಯನ್ನು ಮೈಬಲದಿಂದ ತುಂಬಿಸಬಹುದು. ಅಲ್ಲದಿದ್ದರೆ? ತಳ್ಳಲಾಗದವನನ್ನು ತಳ್ಳುವ ಗೋಜಿಗೇ ಹೋಗಬೇಡಿ. ಅವನು ಆಯ್ಕೆ ಮಾಡುವಂತೆ ಮಾಡಿ, ಆಯ್ಕೆಯನ್ನೇ ತಪ್ಪಾಗಿಸಿ. ಒಬ್ಬ ಲೆಕ್ಕದಿಂದ ಹೊರಗೆ. ಇನ್ನೊಬ್ಬನಿಗೂ ಅದನ್ನೇ ಮಾಡಿದರೆ ಅದು ಟ್ರಿಪಲ್ ಆಪ್ಷನ್, ಸೇನಾ ತಂಡಗಳ ಹಳೆಯ ಕಸುಬು. ಹಳ್ಳಿಯ ಜಗಲಿ ಕಲ್ಲಿನ ಮೇಲೆ ಹುಲಿ–ಕುರಿ ಆಟ ಆಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಕುರಿ ಹುಲಿಯನ್ನು ಕೊಲ್ಲುವುದಿಲ್ಲ. ಹುಲಿ ಎತ್ತ ಹೋದರೂ ಜಾಗವಿಲ್ಲದಂತೆ ಮಾಡುತ್ತದೆ.

ಕಾಲೇಜು ಅಂಗಳವೂ ಈ ಯುಕ್ತಿಗೆ ಒತ್ತಾಸೆಯಾಗಿದೆ. ಅಂಗಳದ ಅಗಲ 160 ಅಡಿ. ಪ್ರತಿ ಸಲ ಚೆಂಡು ಇಡುವುದು ಎರಡು ಗೆರೆಗಳ ನಡುವೆ ಅಥವಾ ಗೆರೆಯ ಮೇಲೆ. ಕಾಲೇಜಿನಲ್ಲಿ ಆ ಗೆರೆಗಳ ನಡುವಿನ ಅಂತರ 40 ಅಡಿ, ವೃತ್ತಿಪರ ಎನ್ಎಫ್ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಹಾಗಾಗಿ ಕಾಲೇಜು ಪಂದ್ಯದಲ್ಲಿ ಚೆಂಡು ಗೆರೆಯ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಬಯಲು. ಆ ನೂರು ಅಡಿ ಕಾಯಲು ಕಾಲಿನಲ್ಲಿ ವೇಗ ಬೇಕು, ಮೈತೂಕ ಉಪಯೋಗಕ್ಕೆ ಬಾರದು. ಟಿವಿಯಲ್ಲಿ ನೋಡುವವರು ಈ ಗೆರೆಗಳನ್ನು ಗಮನಿಸುವುದೇ ಇಲ್ಲ. ಕೋಚುಗಳು ಅರ್ಧ ಯೋಜನೆಯನ್ನು ಅವುಗಳ ಮೇಲೆಯೇ ಕಟ್ಟುತ್ತಾರೆ.

ಈಗ ಗಡಿಯಾರಕ್ಕೆ ಬರೋಣ. ಅಲಬಾಮಾದ ವಿರುದ್ಧ 60 ನಿಮಿಷದ ಪಂದ್ಯದಲ್ಲಿ ವ್ಯಾಂಡರ್‌ಬಿಲ್ಟ್ ಚೆಂಡನ್ನು 42 ನಿಮಿಷ ತನ್ನ ಕೈಯಲ್ಲಿಟ್ಟುಕೊಂಡಿತು. ಮೂರನೆಯ ಅವಕಾಶದ ಬಿಕ್ಕಟ್ಟಿಗೆ ಬಂದು ನಿಂತದ್ದು 18 ಸಲ. ಅದರಲ್ಲಿ 12 ಸಲ ದಾಟಿತು. ಅಲಬಾಮಾ ಆಡಿದ್ದು ಕಡಿಮೆ, ಆಡಿದಾಗಲೆಲ್ಲ ಭಯಂಕರವಾಗಿ ಆಡಿತು. ಹದಿನೆಂಟೇ ನಿಮಿಷದಲ್ಲಿ 35 ಅಂಕ ತಮಾಷೆಯಲ್ಲ. ಅಂದರೆ ವ್ಯಾಂಡರ್‌ಬಿಲ್ಟ್ ಅಲಬಾಮಾವನ್ನು ತಡೆಯಲಿಲ್ಲ, ಅದಕ್ಕೆ ಆಡುವ ಸರದಿ ಬಾರದಂತೆ ನೋಡಿಕೊಂಡಿತು.

ಇದರಿಂದ ದುರ್ಬಲನಿಗೆ ಯಾಕೆ ಲಾಭ? ಹತ್ತಕ್ಕೆ ನಾಲ್ಕು ಸಲ ಮಾತ್ರ ನಿಮ್ಮ ಪರವಾಗಿ ಬೀಳುವ ನಾಣ್ಯವೊಂದಿದೆ ಅಂದುಕೊಳ್ಳಿ. ಮೂರು ಸಲ ಚಿಮ್ಮಿ, ಹೆಚ್ಚು ಬಿದ್ದವರು ಗೆದ್ದರು ಎಂದರೆ ನೀವು ಗೆಲ್ಲುವ ಸಾಧ್ಯತೆ ನೂರಕ್ಕೆ 35. ಹದಿನೈದು ಸಲ ಚಿಮ್ಮಿದರೆ ಅದು 21ಕ್ಕೆ ಇಳಿಯುತ್ತದೆ. ಆಟ ಉದ್ದವಾದಷ್ಟೂ ಬಲಿಷ್ಠನ ಬಲ ತಾನಾಗಿ ಮೇಲೆ ಬರುತ್ತದೆ. ದುರ್ಬಲನಿಗೆ ಬೇಕಾದ್ದು ಗಿಡ್ಡ ಆಟ. ಕ್ರಿಕೆಟ್ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಐದು ದಿನದ ಟೆಸ್ಟಿನಲ್ಲಿ ಆಗದ್ದು ಇಪ್ಪತ್ತು ಓವರಿನಲ್ಲಿ ಆಗುತ್ತದೆ. ಅದೇ 2024ರ ಜೂನ್ 6ರಂದು ಡಲ್ಲಸ್‌ನಲ್ಲಿ ಅಮೆರಿಕದ ಕ್ರಿಕೆಟ್ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿತಲ್ಲ, ಆ ಪಂದ್ಯದಲ್ಲಿ 30 ರನ್ನಿಗೆ ಮೂರು ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನೊಸ್ತುಷ್ ಕೆಂಜಿಗೆ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದ ಹುಡುಗ. ಹುಟ್ಟಿದ್ದು ಎಲ್ಲಿ ಅನ್ನುತ್ತೀರಿ? ಅಲಬಾಮಾ ರಾಜ್ಯದ ಆಬರ್ನ್ ಊರಿನಲ್ಲಿ. ಆ ಆಬರ್ನಿನ ಹೆಸರು ಈ ಲೇಖನದಲ್ಲಿ ಇನ್ನೊಮ್ಮೆ ಬರಲಿದೆ.

ಚೆಂಡು ಹಿಡಿದು ಕೂರುವುದು ಎಷ್ಟರ ಮಟ್ಟಿಗೆ ಹೋಗಬಹುದು ಅನ್ನುವುದಕ್ಕೆ ಆರ್ಮಿಯದೇ ಒಂದು ಉದಾಹರಣೆ ಸಾಕು. ಆ ನವೆಂಬರಿನಲ್ಲಿ ನಾರ್ತ್ ಟೆಕ್ಸಸ್ ವಿರುದ್ಧ ಅದು ಒಂದೇ ದಾಳಿಯನ್ನು 21 ಹೆಜ್ಜೆಗಳಲ್ಲಿ, 94 ಗಜದ ಉದ್ದಕ್ಕೆ, 13 ನಿಮಿಷ 54 ಸೆಕೆಂಡು ಎಳೆಯಿತು. ಪಂದ್ಯದ ಒಂದು ಕಾಲುಭಾಗವೇ 15 ನಿಮಿಷ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಅಷ್ಟು ಹೊತ್ತೂ ಬೆಂಚಿನ ಮೇಲೆ. ಅಂದು 14–3ರಿಂದ ಆರ್ಮಿ ಗೆದ್ದಿತು. ಇದನ್ನು ನೀರಸ ಆಟ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ. ಪ್ರತಿ ಸಲವೂ ಇನ್ನೇನು ನಿಂತಿತು ಅನ್ನುವಾಗ ಅರ್ಧ ಗಜ ಹೆಚ್ಚು. ವಿಳಂಬದ ಆಲಾಪ ಕೇಳುವ ತಾಳ್ಮೆ ಇರುವವರು ಇದನ್ನೂ ನೋಡಬಲ್ಲರು.

ಇಲ್ಲಿಗೆ ನಿಲ್ಲಿಸಿದರೆ ವಾದ ಅರ್ಧವೇ. ಚೆಂಡು ಹಿಡಿದು ಕೂರುವುದೇ ದುರ್ಬಲನ ಮಂತ್ರವಾಗಿದ್ದರೆ ಮೈಕ್ ಲೀಚ್ ಎಂಬ ಮನುಷ್ಯನನ್ನು ವಿವರಿಸುವುದು ಹೇಗೆ? ಅವನೂ ಹ್ಯಾಲ್ ಮಮ್ಮಿಯೂ 1989ರಲ್ಲಿ ಐಯೊವಾ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ ಕಟ್ಟಲು ಶುರುಮಾಡಿದ ‘ಏರ್ ರೇಡ್’ ಇದಕ್ಕೆ ತದ್ವಿರುದ್ಧ. ಓಟ ಕಡಿಮೆ, ಎಸೆತ ಹೆಚ್ಚು, ಗಡಿಯಾರದ ಗೊಡವೆಯಿಲ್ಲ. ಲೀಚ್ ವಕೀಲಿಕೆ ಓದಿದ್ದವನು, ಕಾಲೇಜು ತಂಡಕ್ಕೆ ಫುಟ್‌ಬಾಲ್ ಆಡಿರಲೇ ಇಲ್ಲ. ಅವನ ಯೋಜನೆಯ ಪುಸ್ತಕ ಇತರರದ್ದಕ್ಕಿಂತ ತೀರ ತೆಳು: ಕೆಲವೇ ಆಟ, ಅವನ್ನೇ ನೂರು ಸಲ ತಿರುವಿಹಾಕುವುದು. 2008ರ ನವೆಂಬರ್ 1ರಂದು ಅವನ ಟೆಕ್ಸಸ್ ಟೆಕ್, ಆಗ ನಂಬರ್ ಒನ್ ಆಗಿದ್ದ ಟೆಕ್ಸಸ್ ತಂಡವನ್ನು 39–33ರಿಂದ ಸೋಲಿಸಿದಾಗ ಗಡಿಯಾರದಲ್ಲಿ ಉಳಿದಿದ್ದದ್ದು ಒಂದು ಸೆಕೆಂಡು. ಒಬ್ಬ ಗಡಿಯಾರ ಓಡಿಸಿ ಗೆಲ್ಲುತ್ತಾನೆ, ಇನ್ನೊಬ್ಬ ಗಾಳಿಯಲ್ಲಿ ಎಸೆದು ಗೆಲ್ಲುತ್ತಾನೆ. ಎರಡಕ್ಕೂ ಸಮಾನವಾದದ್ದು ಏನು?

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಒಮ್ಮೆ ಹೋಗಿ ಬಂದವರಿಗೆ ಉತ್ತರ ಗೊತ್ತಿರುತ್ತದೆ. ಎಲ್ಲರೂ ಟೊಮೆಟೊ ಹಾಕಿದ ವರ್ಷ ಕ್ರೇಟು ತುಂಬಿದ ಹಣ್ಣನ್ನು ರಸ್ತೆಗೆ ಸುರಿಯಬೇಕಾಗುತ್ತದೆ. 2023ರ ಜುಲೈನಲ್ಲಿ ಕಿಲೊಗೆ ನೂರು ರೂಪಾಯಿ ದಾಟಿತಲ್ಲ, ಆಗ ಹೊಲದಲ್ಲಿ ಬೆಳೆ ಉಳಿಸಿಕೊಂಡಿದ್ದವನು ಗೆದ್ದ. ಹಣ್ಣು ಅದೇ, ಮಣ್ಣು ಅದೇ. ಬೆಲೆ ಬಂದದ್ದು ಪಕ್ಕದವನ ಹೊಲದಲ್ಲಿ ಅದು ಇಲ್ಲದ್ದರಿಂದ. ದಾಳಿಯ ತಂತ್ರಕ್ಕೂ ಇದೇ ನಿಯಮ ಅನ್ನುವುದು ನನ್ನ ವಾದ. ಯಾವ ತಂತ್ರವೂ ತಾನಾಗಿ ಉತ್ತಮವಲ್ಲ, ಹಳತೂ ಅಲ್ಲ. ಸುತ್ತಲಿನವರು ಆಡದ್ದನ್ನು ಆಡುವವನಿಗೆ ಬೆಲೆ.

ಯಾಕೆ ಅನ್ನುವುದು ಅಭ್ಯಾಸದ ಅಂಗಳದಲ್ಲಿ ಕಾಣುತ್ತದೆ. ಕಾಲೇಜು ಆಟಗಾರ ವಾರಕ್ಕೆ 20 ಗಂಟೆಗಿಂತ ಹೆಚ್ಚು ತಂಡದ ಕೆಲಸ ಮಾಡುವಂತಿಲ್ಲ. ವಿಡಿಯೊ ನೋಡುವುದೂ ವ್ಯಾಯಾಮವೂ ಆ ಲೆಕ್ಕದಲ್ಲೇ ಬರುತ್ತವೆ. ಮುಂದಿನ ಶನಿವಾರದ ಎದುರಾಳಿಗೆ ತಯಾರಾಗಲು ಸಿಗುವುದು ಮೂರು ದಿನದ ಗಟ್ಟಿ ಅಭ್ಯಾಸ. ಎದುರಾಳಿಯಂತೆ ನಟಿಸಲು ತಂಡದ ಮೀಸಲು ಹುಡುಗರನ್ನು ನಿಲ್ಲಿಸುತ್ತಾರೆ. ಮಾಮೂಲಿ ತಂಡವಾದರೆ ಸರಿ, ನಟನೆ ಸಲೀಸು. ಆಪ್ಷನ್ ತಂಡ ಬಂದಾಗ ಪಜೀತಿ. ಎದುರಿನವನ ಹುಡುಗ ಮೂರು ವರ್ಷ ದಿನವೂ ಮಾಡಿ ಮೈಗೂಡಿಸಿಕೊಂಡದ್ದನ್ನು ಈ ಮೀಸಲು ಹುಡುಗ ಮಂಗಳವಾರ ಕಲಿತು ಬುಧವಾರ ಮಾಡಿ ತೋರಿಸಬೇಕು. ಅವನು ಚೆಂಡನ್ನು ಹೊಟ್ಟೆಗೆ ಒತ್ತುವುದೂ ನಿಧಾನ, ಎಳೆಯುವುದೂ ನಿಧಾನ. ಎಲ್ಲರ ಕಣ್ಣೂ ಚೆಂಡಿನ ಹಿಂದೆ. ಅದಕ್ಕೇ ಕೆಲವು ಕೋಚುಗಳು ಆ ವಾರ ಚೆಂಡೇ ಇಲ್ಲದೆ ಅಭ್ಯಾಸ ಮಾಡಿಸುತ್ತಾರೆ. ಯಾರ ಕೈಯಲ್ಲೂ ಏನೂ ಇಲ್ಲ. ಆದರೂ ನಿನ್ನ ಪಾಲಿನ ಮನುಷ್ಯನನ್ನು ನೀನು ಹಿಡಿಯಬೇಕು, ಅವನ ಬಳಿ ಚೆಂಡು ಇರಲಿ ಬಿಡಲಿ. ಇಪ್ಪತ್ತೆರಡು ಹುಡುಗರು ಇಲ್ಲದ ಚೆಂಡಿಗಾಗಿ ಡಿಕ್ಕಿ ಹೊಡೆದುಕೊಳ್ಳುವ ದೃಶ್ಯ ಹೊರಗಿನವರಿಗೆ ಹುಚ್ಚಾಟದಂತೆ ಕಾಣುತ್ತದೆ. ನನಗೆ ಅದು ಅಪರೂಪದ ತಂತ್ರಕ್ಕೆ ಸಲ್ಲುವ ಮರ್ಯಾದೆಯಂತೆ ಕಾಣುತ್ತದೆ.

ಬಲಿಷ್ಠರೂ ಈ ಮಾರುಕಟ್ಟೆಯ ಗ್ರಾಹಕರೇ. ಟೆಕ್ಸಸ್ ವಿಶ್ವವಿದ್ಯಾಲಯ 1968ರಲ್ಲಿ ಎಮರಿ ಬೆಲ್ಲಾರ್ಡ್ ಕಟ್ಟಿದ ‘ವಿಷ್‌ಬೋನ್’ ಆಪ್ಷನ್ ತಂದಿತು. ಮೊದಲೆರಡು ಪಂದ್ಯದಲ್ಲಿ ಒಂದು ಸಮ, ಒಂದು ಸೋಲು. ಆಮೇಲೆ ಸತತ 30 ಗೆಲುವು. ಅದನ್ನು ನೋಡಿ ಕಲಿತವರಲ್ಲಿ ಒಬ್ಬ ಅಲಬಾಮಾದ ಬೇರ್ ಬ್ರಯಂಟ್. 1969 ಮತ್ತು 1970ರಲ್ಲಿ ಅವನ ತಂಡ ಆರಾರು ಪಂದ್ಯವಷ್ಟೇ ಗೆದ್ದು ಮಂಕಾಗಿತ್ತು. 1971ರಲ್ಲಿ ಅವನು ವಿಷ್‌ಬೋನ್ ಅನ್ನು ಕದ್ದುಮುಚ್ಚಿ ಅಭ್ಯಾಸ ಮಾಡಿಸಿ, ಲಾಸ್ ಏಂಜಲೀಸಿಗೆ ಹೋಗಿ, ಸದರ್ನ್ ಕ್ಯಾಲಿಫೋರ್ನಿಯಾ ತಂಡದ ಎದುರು ಬಯಲು ಮಾಡಿ 17–10ರಿಂದ ಗೆದ್ದ. ಅಲಬಾಮಾದ ವೈಭವ ಮತ್ತೆ ಹೊತ್ತಿಕೊಂಡದ್ದೇ ಆಪ್ಷನ್ನಿನ ಕಿಡಿಯಿಂದ. 53 ವರ್ಷಗಳ ನಂತರ ನ್ಯಾಶ್‌ವಿಲ್‌ನಲ್ಲಿ ಅದರ ಮೊಮ್ಮಗನಂಥ ತಂತ್ರದ ಕೈಯಲ್ಲಿ ಸೋತಾಗ ‘ಇಂಥದ್ದನ್ನು ನಾವು ಕಂಡೇ ಇಲ್ಲ’ ಅನ್ನುವ ಹಾಗಿರಲಿಲ್ಲ. ಅಜ್ಜನ ಕಾಲದಲ್ಲಿ ಕಂಡಿದ್ದರು, ಮರೆತಿದ್ದರು.

ಅವರೊಬ್ಬರೇ ಅಲ್ಲ, ದೇಶವೇ ಮರೆತಿತ್ತು. ನೆಬ್ರಾಸ್ಕಾದ ಟಾಮ್ ಆಸ್ಬರ್ನ್ 1994, 1995, 1997ರಲ್ಲಿ ಇದೇ ಜಾತಿಯ ಆಟದಿಂದ ರಾಷ್ಟ್ರೀಯ ಪಟ್ಟ ಗೆದ್ದ ಮೇಲೆ ದೊಡ್ಡ ತಂಡಗಳೆಲ್ಲ ಒಂದೊಂದಾಗಿ ಎಸೆತದ ಕಡೆ, ಅಂಗಳದ ಉದ್ದಗಲಕ್ಕೆ ಆಟಗಾರರನ್ನು ಹರಡುವ ಸ್ಪ್ರೆಡ್ ಕಡೆ ಸರಿದವು. ಸ್ಪ್ರೆಡ್ ಕೂಡ ಹುಟ್ಟಿದ್ದು ಇಲ್ಲದವರ ಮನೆಯಲ್ಲೇ. 2007ರ ಸೆಪ್ಟೆಂಬರ್ 1ರಂದು ಕೆಳ ದರ್ಜೆಯ ಆಪಲೇಚಿಯನ್ ಸ್ಟೇಟ್ ಅದೇ ಆಟವಾಡಿ ಐದನೆಯ ಸ್ಥಾನದ ಮಿಷಿಗನ್ ತಂಡವನ್ನು ಅದರ ಅಂಗಳದಲ್ಲೇ 34–32ರಿಂದ ಸೋಲಿಸಿತು. ಆ ವರ್ಷ ಮುಗಿಯುವುದರೊಳಗೆ ಮಿಷಿಗನ್ ಏನು ಮಾಡಿತು? ಸ್ಪ್ರೆಡ್ಡಿನ ಗುರು ರಿಚ್ ರೊಡ್ರಿಗೆಜ್‌ನನ್ನೇ ತನ್ನ ಕೋಚಾಗಿ ಕರೆತಂದಿತು. ಮೂರು ವರ್ಷದಲ್ಲಿ 15 ಗೆಲುವು, 22 ಸೋಲು. ಗುರುವನ್ನು ತಂದರು, ಆ ಆಟಕ್ಕೆ ಬೇಕಾದ ಕೈಕಾಲುಗಳನ್ನು ತರಲಿಲ್ಲ.

ವ್ಯಾಂಡರ್‌ಬಿಲ್ಟಿನ ಜಾಣತನ ಇಲ್ಲಿದೆ. 2023ರಲ್ಲಿ 12ರಲ್ಲಿ ಎರಡೇ ಗೆದ್ದಿದ್ದ ಅದರ ಕೋಚ್ ಕ್ಲಾರ್ಕ್ ಲೀ, ನ್ಯೂ ಮೆಕ್ಸಿಕೊ ಸ್ಟೇಟ್ ಎಂಬ ಬಡ ತಂಡದ ಅಡುಗೆಮನೆಯನ್ನೇ ಪಾತ್ರೆ ಸಮೇತ ಎತ್ತಿ ತಂದ: ಹಿರಿಯ ಕೋಚ್ ಜೆರಿ ಕಿಲ್, ದಾಳಿಯ ಯೋಜನೆ ಹೆಣೆಯುವ ಟಿಮ್ ಬೆಕ್, ಅದನ್ನು ಆಡಿ ತೋರಿಸುವ ಕ್ವಾರ್ಟರ್‌ಬ್ಯಾಕ್ ಡಿಯೆಗೊ ಪಾವಿಯಾ. ಇದೇ ಪಾವಿಯಾ 2023ರ ನವೆಂಬರಿನಲ್ಲಿ ನ್ಯೂ ಮೆಕ್ಸಿಕೊ ಸ್ಟೇಟ್ ತಂಡವನ್ನು ಕಟ್ಟಿಕೊಂಡು ಹೋಗಿ, ಕೆಂಜಿಗೆ ಹುಟ್ಟಿದ ಆ ಆಬರ್ನಿನಲ್ಲಿ, ಅಲ್ಲಿಯ ದೊಡ್ಡ ತಂಡವನ್ನು 31–10ರಿಂದ ಮಣಿಸಿದ್ದ. ಶಾಲೆ ಮುಗಿಸಿದಾಗ ಯಾವ ದೊಡ್ಡ ತಂಡವೂ ಅವನನ್ನು ಕರೆದಿರಲಿಲ್ಲ. ಎರಡು ವರ್ಷದ ಕಾಲೇಜಿನಿಂದ ಮೇಲೆ ಬಂದವನು. ಕ್ಲಾರ್ಕ್ ಲೀಯ ಹಿಂದಿನ ಕೆಲಸ ನಾಟರ್ ಡಾಮ್ ತಂಡದ ರಕ್ಷಣೆಯ ಉಸ್ತುವಾರಿ. ಅಲ್ಲಿದ್ದಾಗ ನೇವಿಯ ಆಪ್ಷನ್ನಿಗೆ ತಯಾರಿ ನಡೆಸಬೇಕಿತ್ತು. ಎದುರು ನಿಂತು ಬೆವರಿದವನಿಗೇ ಅದರ ಬೆಲೆ ಗೊತ್ತಾಗಿದ್ದೀತು ಅನ್ನುವುದು ನನ್ನ ಊಹೆ.

ಇನ್ನು ಎದುರು ವಾದ. ಅದು ಹಗುರವಲ್ಲ. ಅಲಬಾಮಾದ ವಿರುದ್ಧದ ಪಂದ್ಯದಲ್ಲಿ ಮೊದಲಲ್ಲೇ ವ್ಯಾಂಡರ್‌ಬಿಲ್ಟಿನ ಒಬ್ಬ ಡಿಫೆಂಡರ್ ಎದುರಾಳಿಯ ಎಸೆತ ಹಿಡಿದು ಹಾಗೇ ಓಡಿ ಟಚ್‌ಡೌನ್ ಮಾಡಿದ; ಅದರಲ್ಲಿ ಅದೃಷ್ಟದ ಪಾಲಿತ್ತು, ಇಲ್ಲವೆನ್ನಲಾರೆ. ಅದೇ ವ್ಯಾಂಡರ್‌ಬಿಲ್ಟ್ ಮೂರು ವಾರ ಮೊದಲು ಜಾರ್ಜಿಯಾ ಸ್ಟೇಟ್ ಎಂಬ ತನಗಿಂತ ಸಣ್ಣ ತಂಡಕ್ಕೆ ಸೋತಿತ್ತು. ಇನ್ನೂ ದೊಡ್ಡ ಏಟು ನಾಟರ್ ಡಾಮ್. ಅಕ್ಟೋಬರ್ 26ರಂದು ಅದು ಅಜೇಯ ನೇವಿಯನ್ನು 51–14ರಿಂದ ಹೊಸಕಿತು. ನೇವಿ ಆರು ಸಲ ಚೆಂಡು ಕಳೆದುಕೊಂಡಿತು. ನವೆಂಬರ್ 23ರಂದು ಅಜೇಯ ಆರ್ಮಿಯನ್ನು 49–14ರಿಂದ. ನೋಡಿದಿರಾ, ಬಲದ ಮುಂದೆ ಯುಕ್ತಿ ನಡೆಯಲಿಲ್ಲ, ಎಂದರು ಪರಿಣತರು.

ನಾನು ಆ ಎರಡು ಅಂಕಿಗಳನ್ನು ಬೇರೆ ರೀತಿ ಓದುತ್ತೇನೆ. ನಾಟರ್ ಡಾಮ್ ಮತ್ತು ನೇವಿ 1927ರಿಂದ, 2020 ಒಂದನ್ನು ಬಿಟ್ಟು, ಪ್ರತಿ ವರ್ಷ ಆಡುತ್ತಿವೆ. ಬೇರೆಯವರು ಹತ್ತು ವರ್ಷಕ್ಕೊಮ್ಮೆ ಮೂರು ದಿನದಲ್ಲಿ ಕಲಿಯಬೇಕಾದ್ದನ್ನು ನಾಟರ್ ಡಾಮ್ ಹುಡುಗರು ವರ್ಷವರ್ಷ ಕಲಿಯುತ್ತಾರೆ. ಅವರ ಪಾಲಿಗೆ ಆಪ್ಷನ್ ಅಪರೂಪವಲ್ಲ. ಅಪರೂಪ ಕಳೆದುಹೋದ ಕಡೆ ಉಳಿಯುವುದು ತೂಕ, ವೇಗ, ಎತ್ತರ. ಆ ತಕ್ಕಡಿಯಲ್ಲಿ ಸೇನಾ ತಂಡ ಮೇಲಕ್ಕೇಳುತ್ತದೆ. 1964ರಿಂದ ನೇವಿ ಅವರಿಗೆ 43 ಸಲ ಸತತವಾಗಿ ಸೋತದ್ದಕ್ಕೂ ಇದು ಅರ್ಧ ಕಾರಣ. ಆ ಸರಪಳಿ ತುಂಡಾದದ್ದು 2007ರಲ್ಲಿ, ಮೂರು ಹೆಚ್ಚುವರಿ ಅವಧಿ ಆಡಿ, 46–44ರಿಂದ. ನಾಟರ್ ಡಾಮ್ ಆ ವರ್ಷ ಒಟ್ಟು ಮೂರೇ ಪಂದ್ಯ ಗೆದ್ದಿತ್ತು. ತಕ್ಕಡಿಯೇ ವಾಲಿದ್ದ ವರ್ಷ.

ನನಗೆ ಚಿಂತೆಯಿರುವುದು ಬೇರೆ ಕಡೆ. ಅಪರೂಪಕ್ಕೆ ಬೆಲೆ ಬರಬೇಕಾದರೆ ಬಗೆಬಗೆಯ ಬೆಳೆ ಇರಬೇಕು, ಮತ್ತು ಹೊಲದ ಬದುಗಳನ್ನು ಒಂದೊಂದಾಗಿ ಕಿತ್ತುಹಾಕಲಾಗುತ್ತಿದೆ. 2022ರಲ್ಲಿ, ಸಾಲಿನ ನಡುಭಾಗದಿಂದ ಹೊರಗೆ, ಸೊಂಟದ ಕೆಳಗೆ ಬಿದ್ದು ತಡೆಯುವುದನ್ನು ನಿಷೇಧಿಸಿದರು. ಮೊಣಕಾಲು ಮುರಿಯುವ ಅಪಾಯ ನಿಜ. ಆ ನಿಯಮವನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಸಣ್ಣ ಮೈಯವನು ದೊಡ್ಡವನನ್ನು ಕೆಡವುವ ದಾರಿ ಅದೇ ಆಗಿತ್ತು. ಆರ್ಮಿ 2023ರಲ್ಲಿ ಹಳೆಯ ಆಟ ಬಿಟ್ಟು, ಎಲ್ಲರಂತೆ ಕ್ವಾರ್ಟರ್‌ಬ್ಯಾಕನ್ನು ಹಿಂದೆ ನಿಲ್ಲಿಸಿ ಆಡಿ ನೋಡಿತು. ಕೈ ಹತ್ತಲಿಲ್ಲ. 2024ರಲ್ಲಿ ಹಳೆಯದನ್ನು ತಿದ್ದಿ ಮತ್ತೆ ತಂದಿತು. ನೇವಿಯೂ ಮುತ್ತಜ್ಜನ ಕಾಲದ ‘ವಿಂಗ್–ಟಿ’ ಬಲ್ಲ ಡ್ರೂ ಕ್ರೋನಿಕ್ ಎಂಬವನನ್ನು ಕರೆಸಿತು. ಹಳೆ ಬೀಜವನ್ನೇ ಹೊಸ ಮಣ್ಣಿಗೆ ಒಗ್ಗಿಸಿದರು.

ಉಳಿದ ನಿಯಮಗಳ ಬಗ್ಗೆ ನನಗೆ ಇಷ್ಟು ಉದಾರತೆ ಇಲ್ಲ. 2024ರಿಂದ ಆಟಗಾರನ ಹೆಲ್ಮೆಟ್ಟಿನೊಳಗೆ ಕೋಚಿನ ಧ್ವನಿ ಬಂತು, ಅರ್ಧಾವಧಿ ಮುಗಿಯಲು ಎರಡು ನಿಮಿಷ ಇರುವಾಗ ಜಾಹೀರಾತಿನ ವಿರಾಮ ಬಂತು; ಎರಡೂ ಎನ್ಎಫ್ಎಲ್‌ನಿಂದ ತಂದವು. ಹಣದ ಕಥೆ ಇನ್ನೂ ದೊಡ್ಡದು. ಆ ವರ್ಷ ರಾಷ್ಟ್ರೀಯ ಪಟ್ಟ ಗೆದ್ದ ಒಹಾಯೊ ಸ್ಟೇಟ್ ತಂಡದ ಆಟಗಾರರಿಗೆ ಸಂದ ಹಣ ಸುಮಾರು ಎರಡು ಕೋಟಿ ಡಾಲರ್ ಎಂದು ಅಲ್ಲಿಯ ಕ್ರೀಡಾ ಮುಖ್ಯಸ್ಥರೇ ಒಪ್ಪಿದರು. 2025ರಿಂದ ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ವರ್ಷಕ್ಕೆ ಎರಡು ಕೋಟಿ ಡಾಲರಿಗೂ ಮೀರಿ ಹಂಚಬಹುದು. ಆಡುವ ಹುಡುಗರಿಗೆ ದುಡ್ಡು ಸಿಗುವುದು ನ್ಯಾಯವೇ. ದಶಕಗಳ ಕಾಲ ಅವರ ಬೆವರಿನಿಂದ ಬೇರೆಯವರು ಉಂಡರು. ತೊಂದರೆ ಬೇರೆ. ತಂಡ ಬದಲಿಸುವುದು ಸಲೀಸಾದಾಗ ಹುಡುಗನಿಗೆ ಎಲ್ಲ ಕಡೆ ನಡೆಯುವ ನಾಣ್ಯ ಬೇಕು. ಟ್ರಿಪಲ್ ಆಪ್ಷನ್ ಕಲಿತ ಕ್ವಾರ್ಟರ್‌ಬ್ಯಾಕಿಗೆ ಬೇರೆಡೆ ಗಿರಾಕಿ ಕಡಿಮೆ. ಮೂರು ವರ್ಷ ಒಂದೇ ಕಡೆ ಕೂತು ವಿಚಿತ್ರವಾದದ್ದೊಂದನ್ನು ಕಲಿಯಲು ಯಾರು ಒಪ್ಪುತ್ತಾರೆ? ಸೇನಾ ತಂಡಗಳಲ್ಲಿ ಒಪ್ಪುತ್ತಾರೆ, ಯಾಕೆಂದರೆ ಅವರು ಅಲ್ಲಿಗೆ ಬಂದದ್ದೇ ಬೇರೆ ಕಾರಣಕ್ಕೆ. ಪಾವಿಯಾನ ದಾರಿಯಲ್ಲಿ ಬರುವವರೂ ಒಪ್ಪುತ್ತಾರೆ, ಯಾಕೆಂದರೆ ಅವರನ್ನು ಬೇರೆ ಯಾರೂ ಕರೆದಿರುವುದಿಲ್ಲ. ಆದರೆ ಪಾವಿಯಾ ಸ್ವತಃ ತಂಡ ಬದಲಿಸಿಯೇ ನ್ಯಾಶ್‌ವಿಲ್ ತಲುಪಿದವನು ಅನ್ನುವುದು ನನ್ನ ವಾದಕ್ಕೆ ಚುಚ್ಚುವ ಮುಳ್ಳು. ಅದನ್ನು ಕೀಳಲು ನನ್ನಿಂದ ಆಗಿಲ್ಲ.

2025ರ ಅಕ್ಟೋಬರ್ 4. ಹಿಂದಿನ ವರ್ಷದ ಅದೇ ವಾರ, ಅದೇ ಎರಡು ತಂಡ, ಈ ಸಲ ಅಲಬಾಮಾದ ಅಂಗಳ. ಎರಡು ವರ್ಷದ ಕಾಲೇಜಿನಲ್ಲಿ ಕಳೆದ ಕಾಲವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಕೋರ್ಟಿಗೆ ಹೋಗಿ ಇನ್ನೊಂದು ವರ್ಷ ಗಿಟ್ಟಿಸಿಕೊಂಡಿದ್ದ ಪಾವಿಯಾನೇ ಕ್ವಾರ್ಟರ್‌ಬ್ಯಾಕ್. ವ್ಯಾಂಡರ್‌ಬಿಲ್ಟ್ ಅದುವರೆಗೆ ಆಡಿದ ಐದನ್ನೂ ಗೆದ್ದು ಬಂದಿತ್ತು. ಅಲಬಾಮಾಕ್ಕೆ ಈ ಸಲ ತಯಾರಿಗೆ ಮೂರು ದಿನವಲ್ಲ, ಒಂದು ವರ್ಷ ಸಿಕ್ಕಿತ್ತು. 30–14ರಿಂದ ಗೆದ್ದಿತು. ವ್ಯಾಂಡರ್‌ಬಿಲ್ಟ್ ಉಳಿದ ಪಂದ್ಯಗಳಿಗೆ ಹೊರಟು, ನವೆಂಬರ್ ಮುಗಿಯುವ ಹೊತ್ತಿಗೆ ಹತ್ತು ಗೆದ್ದಿತ್ತು. ಒಂದು ಋತುವಿನಲ್ಲಿ ಹತ್ತು ಗೆಲುವು ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಅದೇ ಮೊದಲು.